ಜೀವನಾಂಶದ ವಿಚಾರಣೆ ಮತ್ತು ತಂದೆತಾಯಿಗಳ ನಡತೆ

ಮಠದ ಮಾಸಪತ್ರಿಕೆಯಲ್ಲಿ ಕೋರ್ಟು ಕಚೇರಿಗಳ ಮಾತೇಕೆ ಎಂದು ಕೆಲವು ಭಕ್ತಮಹಾಶಯರು ಆಕ್ಷೇಪಿಸಬಹುದು. ಧರ್ಮವು ಮಠದ ಹೊಸ್ತಿಲೊಳಗೆ ಹುಟ್ಟಿ ಅಲ್ಲಿಯೇ ಮುಗಿಯುವುದಾಗಿದ್ದರೆ ಅವರ ಆಕ್ಷೇಪಣೆ ಯುಕ್ತವೇ ಆಗುತ್ತಿತ್ತು. ಆದರೆ ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ ಧರಿಸಿಕೊಂಡು, ಸತ್ಯವನ್ನೇ ಹೇಳುತ್ತೇನೆಂದು ನ್ಯಾಯಾಧೀಶರ ಸಮ್ಮುಖದಲ್ಲಿ ಪ್ರಮಾಣ ಮಾಡಿ, ಮರುಕ್ಷಣವೇ ತಾನು ಹೆತ್ತ ಮಗುವಿನ ಅನ್ನದ ವಿಷಯದಲ್ಲಿ ಅಸತ್ಯವನ್ನು ನುಡಿಯುವವನು ನಮ್ಮ ಭಕ್ತವರ್ಗದವನೇ ಆಗಿರುವಾಗ, ಆ ಮಾತನ್ನು ಎತ್ತಬೇಕಾದ ಮೊದಲ ಸ್ಥಾನ ಮಠವೇ ಆಗಿದೆ. ಮಠ ಮೌನ ವಹಿಸಿದರೆ ಆ ಮೌನವನ್ನು ಸಮ್ಮತಿಯೆಂದೇ ಲೋಕ ತಿಳಿಯುತ್ತದೆ.

ನೇಸರಗಿ ಮತ್ತು ಸುತ್ತಣ ಗ್ರಾಮಗಳಲ್ಲಿ ಗಂಡಹೆಂಡಿರ ನಡುವೆ ವಿರಸ ಹುಟ್ಟಿ, ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದ ಪ್ರಸಂಗಗಳು ಇಂದು ವಿರಳವಲ್ಲ. ಮೊದಲು ಹಿರಿಯರ ಪಂಚಾಯಿತಿ. ಅದು ಫಲಿಸದಿದ್ದರೆ ಬೈಲಹೊಂಗಲದ ನ್ಯಾಯಾಲಯ, ಇಲ್ಲವೇ ಬೆಳಗಾವಿಯ ಕುಟುಂಬ ನ್ಯಾಯಾಲಯ. ದಾಂಪತ್ಯ ಏಕೆ ಮುರಿಯಿತು, ಯಾರ ತಪ್ಪು ಎಷ್ಟು ಎಂಬ ಜಿಜ್ಞಾಸೆಯನ್ನು ನಾವು ಇಲ್ಲಿ ಕೈಗೊಳ್ಳುವುದಿಲ್ಲ. ಮಗುವಿನ ಜೀವನಾಂಶದ ವಿಚಾರಣೆ ನಡೆಯುವ ದಿನ ತಂದೆಯೂ ತಾಯಿಯೂ ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲು ಶಬ್ದವನ್ನೇ ವಿಚಾರಿಸೋಣ. ಜೀವನಾಂಶವೆಂದರೆ ಜೀವನದ ಅಂಶ. ಅಂಶವೆಂದರೆ ಪಾಲು. ಹೊಲದಲ್ಲಿ ಅಣ್ಣತಮ್ಮಂದಿರ ಪಾಲು ಹೇಗೆ ಯಾರ ದಯೆಯಿಂದಲೂ ಬರತಕ್ಕದ್ದಲ್ಲವೋ ಹಾಗೆಯೇ ತಂದೆತಾಯಿಗಳ ದುಡಿಮೆಯಲ್ಲಿ ಮಗುವಿನ ಪಾಲು ಜನ್ಮದೊಡನೆ ಹುಟ್ಟಿದ್ದು. ಅದನ್ನು ಕೊಡುವವನು ದಾನಿಯಲ್ಲ, ಸಾಲ ತೀರಿಸುವವನು. ನಾವು ದಾಸೋಹದ ಮಹಿಮೆಯನ್ನು ಹಾಡಿ ಹೊಗಳುವ ಜನ. ಆದರೆ ದಾಸೋಹಕ್ಕೆ ಮೊದಲು ಋಣವಿಮೋಚನೆಯಾಗಬೇಕು. ಋಣವನ್ನು ಉಳಿಸಿಕೊಂಡು ಮಾಡುವ ದಾಸೋಹ ಪರರ ಹಣದಿಂದ ಮಾಡಿದ ದಾಸೋಹವೇ ಸರಿ.

ನಮ್ಮ ದೇಶದ ಕಾನೂನು ಈ ತತ್ತ್ವವನ್ನೇ ಅಂಗೀಕರಿಸಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ತನ್ನ ಎರಡನೆಯ ಕಲಮಿನಲ್ಲಿಯೇ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಆದುದರಿಂದ ಇದು ನಮಗೆ ಸಂಬಂಧಿಸಿದ್ದಲ್ಲವೆಂದು ನುಣುಚಿಕೊಳ್ಳುವ ದಾರಿ ಯಾರಿಗೂ ಇಲ್ಲ. ಅದರ ಇಪ್ಪತ್ತನೆಯ ಕಲಮು ಮಕ್ಕಳ ಪಾಲನೆಯ ಹೊಣೆಯನ್ನು ತಂದೆಯ ಮೇಲೆ ಮಾತ್ರವಲ್ಲ, ತಾಯಿಯ ಮೇಲೆಯೂ ಇರಿಸಿದೆ. ಇನ್ನು ತ್ವರಿತ ಪರಿಹಾರಕ್ಕಾಗಿ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಇತ್ತು; 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಬಂದಿದೆ. ಮೂಲ ಸಂಹಿತೆಯಲ್ಲಿ ತಿಂಗಳಿಗೆ ಒಟ್ಟು 500 ರೂಪಾಯಿಗಳನ್ನು ಮೀರಬಾರದೆಂಬ ಮಿತಿಯಿತ್ತು. 2001ರ ತಿದ್ದುಪಡಿಯು ಆ ಮಿತಿಯನ್ನು ತೆಗೆದುಹಾಕಿತು. ಅಷ್ಟೇ ಅಲ್ಲ, ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದೂ ವಿಧಿಸಿತು. ಹಸಿವು ತಾರೀಕಿಗಾಗಿ ಕಾಯುವುದಿಲ್ಲವೆಂಬುದು ಶಾಸನಕರ್ತರಿಗೆ ತಿಳಿದಿತ್ತು.

ಹೀಗಿದ್ದರೂ ವಿಚಾರಣೆಯ ದಿನ ನಡೆಯುವುದೇನು? ವರ್ಷಕ್ಕೆ ಎರಡು ಬೆಳೆ ತೆಗೆಯುವ ರೈತನು ಆ ದಿನ ಭೂಹೀನನಾಗುತ್ತಾನೆ. ಕಾರ್ಖಾನೆಗೆ ಕಬ್ಬು ಕಳಿಸಿ ಬಿಲ್ಲು ಎಣಿಸಿಕೊಂಡವನು ತನಗೆ ಕೂಲಿಯೇ ಗತಿಯೆನ್ನುತ್ತಾನೆ. ನೋಟೀಸು ಬರುವ ಸುಳಿವು ಸಿಕ್ಕೊಡನೆ ಅಣ್ಣತಮ್ಮಂದಿರಲ್ಲಿ ವಾಟ್ನಿಯಾಗಿ, ಉತಾರದಲ್ಲಿ ಅವನ ಹೆಸರಿದ್ದ ಕಡೆ ತಮ್ಮನ ಹೆಸರು ಕುಳಿತಿರುತ್ತದೆ. ಅಂಗಡಿಯಿದ್ದವನು ಅಂಗಡಿಯನ್ನು ತಾಯಿಯ ಹೆಸರಿಗೆ ಬರೆದಿರುತ್ತಾನೆ. ಪುಣೆಯಲ್ಲೋ ಗೋವೆಯಲ್ಲೋ ನೌಕರಿಯಲ್ಲಿರುವವನು ಸಂಬಳದ ಚೀಟಿಯನ್ನು ತಾರದೆ ನೌಕರಿ ಹೋಯಿತೆಂದು ಹೇಳಿಕೆ ಕೊಡುತ್ತಾನೆ. ಅದೇ ವರ್ಷ ಅದೇ ಮನುಷ್ಯನ ಹೆಸರು ಜಾತ್ರೆಯ ದೇಣಿಗೆಯ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿರುತ್ತದೆ! ಸಮುದಾಯ ಭವನದ ಶಿಲಾಫಲಕದಲ್ಲಿ ಐವತ್ತೊಂದು ಸಾವಿರದ ದಾನಿ, ನ್ಯಾಯಾಲಯದ ಕಾಗದದಲ್ಲಿ ದಿಕ್ಕಿಲ್ಲದ ದರಿದ್ರ: ಇವರಿಬ್ಬರಲ್ಲಿ ನಿಜವಾದವನು ಯಾರು? ಕಲ್ಲು ಸುಳ್ಳು ಹೇಳುತ್ತಿದೆಯೋ, ಕಾಗದ ಸುಳ್ಳು ಹೇಳುತ್ತಿದೆಯೋ?

ಇಂಥವರು ತಿಳಿಯಬೇಕಾದ ಸಂಗತಿಗಳು ಕೆಲವಿವೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿಯವರ ಪೀಠವು 2020ರ ನವೆಂಬರ್ 4ರಂದು ಕೊಟ್ಟ ತೀರ್ಪಿನ ಮೇರೆಗೆ ಜೀವನಾಂಶದ ಪ್ರಕರಣಗಳಲ್ಲಿ ಉಭಯ ಪಕ್ಷದವರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನೆಲ್ಲ ಗೊತ್ತುಪಡಿಸಿದ ನಮೂನೆಯ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕವಾಗುತ್ತದೆಂದೂ ಅದೇ ತೀರ್ಪು ಸ್ಪಷ್ಟಪಡಿಸಿತು. ಆದುದರಿಂದ ತಾರೀಕುಗಳನ್ನು ಮುಂದೂಡಿಸಿ ಹಣ ಉಳಿಸುವೆನೆಂಬವನು ತನ್ನ ತಲೆಯ ಮೇಲೆ ಬಾಕಿಯನ್ನೇ ಬೆಳೆಸಿಕೊಳ್ಳುತ್ತಾನೆ. ಪ್ರಮಾಣಪತ್ರದಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಬರೆದರೆ ಅದು ಸುಳ್ಳು ಸಾಕ್ಷ್ಯದ ಅಪರಾಧ. ನ್ಯಾಯಾಲಯದ ನಡವಳಿಯಲ್ಲಿ ಅಂಥ ಅಪರಾಧಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವಕಾಶವಿದೆ. ತಮ್ಮನ ಹೆಸರಿಗೆ ಬರೆದ ಹೊಲವೂ ಪೂರ್ಣ ಸುರಕ್ಷಿತವಲ್ಲ. ಸ್ಥಿರಾಸ್ತಿಯ ಉತ್ಪನ್ನದಿಂದ ಜೀವನಾಂಶ ಪಡೆಯುವ ಹಕ್ಕು ಒಬ್ಬರಿಗಿದ್ದು, ಆ ಆಸ್ತಿಯನ್ನು ಹಣ ಪಡೆಯದೆ ಬಕ್ಷೀಸಾಗಿ ಬರೆದುಕೊಟ್ಟರೆ ಅಥವಾ ಆ ಹಕ್ಕಿನ ಅರಿವಿದ್ದವನಿಗೆ ವರ್ಗಾಯಿಸಿದರೆ, ಪಡೆದವನ ಮೇಲೆಯೂ ಆ ಹಕ್ಕನ್ನು ಚಲಾಯಿಸಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 39ನೆಯ ಕಲಮು ಹೇಳುತ್ತದೆ.

"ನನಗೆ ದುಡಿಮೆಯೇ ಇಲ್ಲ, ಎಲ್ಲಿಂದ ಕೊಡಲಿ?" ಎಂಬುದು ಇನ್ನೊಂದು ವಾದ. ಗಟ್ಟಿಮುಟ್ಟಾದ ದೇಹವುಳ್ಳವನು ಮೈಮುರಿದು ಕೂಲಿ ಮಾಡಿಯಾದರೂ ಹೆಂಡತಿಮಕ್ಕಳನ್ನು ಸಾಕತಕ್ಕದ್ದೆಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದು ದೆಹಲಿಯ ನ್ಯಾಯಮೂರ್ತಿಗಳಿಂದ ಕಲಿಯಬೇಕಾದ ಪಾಠವೇ? ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಕಂಡ ಪರಂಪರೆಯಲ್ಲಿ ಹುಟ್ಟಿ, ಸಾಕಬೇಕಾದ ಮಗುವಿದ್ದಾಗ ಕೈಕಟ್ಟಿ ಕುಳಿತು, ಕಾಯಕವಿಲ್ಲದಿರುವುದನ್ನೇ ಗುರಾಣಿಯಾಗಿ ಹಿಡಿಯುವುದು ಎಂಥ ವಿಪರ್ಯಾಸ! ನಿಜವಾಗಿ ಮಳೆ ಕೈಕೊಟ್ಟಿದ್ದರೆ, ರೋಗ ಬಂದಿದ್ದರೆ, ಸಾಲ ಏರಿದ್ದರೆ ಅದನ್ನು ಇದ್ದಂತೆ ನ್ಯಾಯಾಧೀಶರಿಗೆ ಹೇಳಿ ದಾಖಲೆ ತೋರಿಸಬೇಕು. ಪರಿಸ್ಥಿತಿ ಬದಲಾದಾಗ ಮೊತ್ತವನ್ನು ಏರಿಸಲು ಅಥವಾ ಇಳಿಸಲು ಅರ್ಜಿ ಸಲ್ಲಿಸುವ ಮಾರ್ಗವನ್ನು ಕಾನೂನೇ ತೆರೆದಿಟ್ಟಿದೆ. ಬಡವನು ಕೊಡುವ ಅಲ್ಪ ಮೊತ್ತಕ್ಕೆ ಗೌರವವಿದೆ. ಉಳ್ಳವನು ಹೇಳುವ ಬಡತನದ ಕಥೆಗೆ ಯಾವ ಗೌರವವೂ ಇಲ್ಲ.

"ಹೆಂಡತಿ ತಪ್ಪು ಮಾಡಿ ಮನೆ ಬಿಟ್ಟಳು, ನಾನೇಕೆ ಕೊಡಲಿ?" ಎಂದು ಕೇಳುವವರು ಬಹುಮಂದಿ. ತಕ್ಕ ಕಾರಣವಿಲ್ಲದೆ ಗಂಡನೊಡನೆ ಬಾಳಲು ಒಲ್ಲದ ಪತ್ನಿಯ ವಿಷಯದಲ್ಲಿ ಕಾನೂನು ಕೆಲವು ನಿರ್ಬಂಧಗಳನ್ನು ಹಾಕಿರುವುದು ನಿಜ. ಆದರೆ ಆ ನಿರ್ಬಂಧಗಳು ಪತ್ನಿಗೆ ಮಾತ್ರ ಅನ್ವಯಿಸುತ್ತವೆ. ತಾಯಿಯ ದೋಷಕ್ಕಾಗಿ ಮಗುವಿನ ತುತ್ತನ್ನು ಕಸಿಯುವ ಒಂದು ಅಕ್ಷರವೂ ಅಲ್ಲಿಲ್ಲ. ಹಾಗೆಯೇ "ಮಗುವನ್ನು ತೋರಿಸುವುದಿಲ್ಲ, ಆದ್ದರಿಂದ ಹಣ ಕೊಡುವುದಿಲ್ಲ" ಎಂಬ ತಂದೆಯೂ, "ಹಣ ಕೊಡಲಿಲ್ಲ, ಆದ್ದರಿಂದ ಮಗುವನ್ನು ತೋರಿಸುವುದಿಲ್ಲ" ಎಂಬ ತಾಯಿಯೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡುತ್ತಾರೆ. ಮಗುವನ್ನು ಕಾಣುವ ಹಕ್ಕು ಬೇರೆ, ಮಗು ಉಣ್ಣುವ ಹಕ್ಕು ಬೇರೆ. ಭೇಟಿಗೆ ಅಡ್ಡಿಯಾದರೆ ಅದಕ್ಕೆ ಪ್ರತ್ಯೇಕ ಅರ್ಜಿಯಿದೆ. ಒಂದನ್ನು ಒತ್ತೆಯಿಟ್ಟು ಇನ್ನೊಂದನ್ನು ಬಿಡಿಸಿಕೊಳ್ಳಲು ಮಗುವೇನು ಗಿರವಿ ಅಂಗಡಿಯ ಆಭರಣವೇ?

ಇಲ್ಲಿಯವರೆಗಿನ ಮಾತನ್ನು ಓದಿ ಹೆಣ್ಣುಮಕ್ಕಳ ಕಡೆಯವರು ಸಂತೋಷಪಟ್ಟಿರಬಹುದು. ಅವರಿಗೂ ಹೇಳತಕ್ಕ ಮಾತಿದೆ. ಪ್ರಮಾಣಪತ್ರವು ಗಂಡನಿಗೆ ಒಂದು, ಹೆಂಡತಿಗೆ ಒಂದು ಎಂದಿಲ್ಲ. ತಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದರೆ, ಹೊಲಿಗೆಯಿಂದ ನಾಲ್ಕು ಕಾಸು ಸಂಪಾದಿಸುತ್ತಿದ್ದರೆ ಅದನ್ನು ಮುಚ್ಚಿಡುವ ತಾಯಿಯೂ ಆ ತಂದೆಯಷ್ಟೇ ದೋಷಿ. ಇಬ್ಬರೂ ದುಡಿಯುವಾಗ ಮಕ್ಕಳ ಖರ್ಚನ್ನು ಇಬ್ಬರೂ ಹೊರತಕ್ಕದ್ದೆಂದು 2000ದಲ್ಲಿ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿ, ಸಂಬಳಗಳ ಪ್ರಮಾಣವನ್ನು ನೋಡಿ ತಂದೆಗೆ ಎರಡು ಪಾಲು, ತಾಯಿಗೆ ಒಂದು ಪಾಲು ಗೊತ್ತುಮಾಡಿತು. ಐದು ಸಾವಿರದ ಶಾಲೆಯ ಶುಲ್ಕವನ್ನು ಐವತ್ತು ಸಾವಿರವೆಂದು ಬರೆಯಿಸುವುದು ಮಗುವಿಗೆ ಮಾಡುವ ಉಪಕಾರವಲ್ಲ. ಒಂದು ಅಂಕಿ ಸುಳ್ಳೆಂದು ತಿಳಿದ ಮೇಲೆ ಉಳಿದ ಸತ್ಯವಾದ ಅಂಕಿಗಳ ಮೇಲೂ ನ್ಯಾಯಾಧೀಶರಿಗೆ ಸಂಶಯ ಹುಟ್ಟುತ್ತದೆ. ಅದರ ನಷ್ಟ ಕೊನೆಗೆ ಮಗುವಿನದು. "ಕೊಟ್ಟ ಹಣವೆಲ್ಲ ತವರಿನವರ ಪಾಲಾಗುತ್ತದೆ" ಎಂಬ ಗಂಡಿನ ಕಡೆಯ ದೂರಿಗೂ ಸುಲಭವಾದ ಉತ್ತರವಿದೆ. ಹಣ ಬ್ಯಾಂಕಿನ ಮೂಲಕವೇ ಬರಲಿ, ಮಗುವಿನ ಶುಲ್ಕದ, ಔಷಧದ ರಸೀದಿಗಳನ್ನು ತಾಯಿ ಒಂದು ಕಡತದಲ್ಲಿ ಇಟ್ಟುಕೊಳ್ಳಲಿ. ಲೆಕ್ಕವಿದ್ದ ಕಡೆ ಅಪವಾದ ನಿಲ್ಲುವುದಿಲ್ಲ.

ಇನ್ನು ಅತ್ಯಂತ ಹೇಯವಾದ ಒಂದು ಸಂಗತಿ. ಕೆಲವು ತಕರಾರು ಅರ್ಜಿಗಳಲ್ಲಿ ತಂದೆಯಾದವನು "ಈ ಮಗು ನನ್ನದಲ್ಲ" ಎಂದು ಬರೆಯಿಸುತ್ತಾನೆ. ನಿಜವಾದ ಸಂಶಯದಿಂದಲ್ಲ, ಎದುರು ಪಕ್ಷವನ್ನು ನಾಚಿಸಿ ಮಣಿಸುವ ಹಂಚಿಕೆಯಿಂದ. ಮಕ್ಕಳ ಪಿತೃತ್ವ ಪರೀಕ್ಷೆಯನ್ನು ವಾಡಿಕೆಯ ಕ್ರಮವೆಂಬಂತೆ ಆದೇಶಿಸಲಾಗದೆಂದು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿದೆ. ಆದರೆ ಕಾಗದದ ಮೇಲೆ ಬಿದ್ದ ಆ ಒಂದು ವಾಕ್ಯವನ್ನು ಯಾವ ತೀರ್ಪೂ ಅಳಿಸಲಾರದು. ಕೋರ್ಟಿನ ಕಾಗದಗಳಿಗೆ ನಕಲು ಸಿಗುತ್ತದೆ. ಇಂದು ಅಂಗನವಾಡಿಗೆ ಹೋಗುವ ಕೂಸು ನಾಳೆ ಕಾಲೇಜು ಸೇರಿ ಆ ನಕಲನ್ನು ತೆಗೆಸಿ ಓದಿಯೇ ಓದುತ್ತದೆ. ಆ ದಿನ ಅದಕ್ಕೆ ಏನು ಉತ್ತರ ಕೊಡುತ್ತೀರಿ?

ನಮ್ಮದು ಕಿತ್ತೂರಿನ ನೆರೆ. ದತ್ತುಮಗನ ಹಕ್ಕನ್ನು ಕಂಪನಿ ಸರ್ಕಾರ ಮನ್ನಿಸದಿದ್ದಾಗ 1824ರಲ್ಲಿ ರಾಣಿ ಚೆನ್ನಮ್ಮನು ಖಡ್ಗ ಹಿಡಿದಳು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ದೇಹ ಬಿಟ್ಟಳು. ಆಕೆಯ ಸಮಾಧಿಯಿರುವ ಊರಿನ ನ್ಯಾಯಾಲಯದಲ್ಲಿ ನಿಂತು, ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನೇ ತನ್ನದಲ್ಲವೆನ್ನುವ ಗಂಡಸರು ಆ ತಾಯಿಯ ಹೆಸರಿನಲ್ಲಿ ಉತ್ಸವ ಮಾಡುವ ಅಧಿಕಾರವನ್ನು ಎಲ್ಲಿಂದ ಪಡೆದರು? ಇತ್ತ ಸವದತ್ತಿಯ ಗುಡ್ಡದ ಸೀಮೆಯಲ್ಲಿ, ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಹೆಣ್ಣುಮಕ್ಕಳ ಮಕ್ಕಳು ತಂದೆಯ ಹೆಸರಿಲ್ಲದೆ ಬೆಳೆದ ಕಷ್ಟ ನಮಗೆಲ್ಲ ಗೊತ್ತು. ರಾಜ್ಯ ಸರ್ಕಾರ 1982ರ ಕಾಯಿದೆಯಿಂದ ಆ ಪದ್ಧತಿಯನ್ನು ನಿಷೇಧಿಸಿತು. ಜೀವನಾಂಶದ ಕಾನೂನು ಮದುವೆಯಲ್ಲಿ ಹುಟ್ಟಿದ ಮಗು, ಮದುವೆಯ ಹೊರಗೆ ಹುಟ್ಟಿದ ಮಗು ಎಂಬ ಭೇದವನ್ನೇ ಮಾಡುವುದಿಲ್ಲ. ಹುಟ್ಟಿನಿಂದ ಮೇಲು ಕೀಳನ್ನು ಎಣಿಸಬಾರದೆಂದು ಸಾರಿದ ಶರಣರ ಅನುಯಾಯಿಗಳಾದ ನಾವು ಈ ವಿಷಯದಲ್ಲಿ ಕಾನೂನಿಗಿಂತ ಹಿಂದೆ ಬೀಳಬಹುದೇ?

ಊರ ಹಿರಿಯರಿಗೂ ಒಂದು ಮಾತು. ಜಗಳ ಬಗೆಹರಿಸುವ ನಿಮ್ಮ ಪ್ರಯತ್ನ ಸ್ತುತ್ಯವಾದುದು. ಕುಟುಂಬ ನ್ಯಾಯಾಲಯಗಳೂ 1984ರ ಕಾಯಿದೆಯ ಪ್ರಕಾರ ಮೊದಲು ರಾಜಿಗೆ ಪ್ರಯತ್ನಿಸತಕ್ಕದ್ದೇ ಆಗಿದೆ. ಆದರೆ "ಒಂದು ಲಕ್ಷ ತಗೋ, ಇನ್ನು ಮೇಲೆ ನಿನಗೂ ನಿನ್ನ ಮಗುವಿಗೂ ಸಂಬಂಧವಿಲ್ಲ" ಎಂದು ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸುವುದು ರಾಜಿಯಲ್ಲ. ಮಗುವಿನ ಹಕ್ಕು ಮಗುವಿನದೇ. ಅದನ್ನು ಬಿಟ್ಟುಕೊಡಲು ತಾಯಿಗೆ ಅಧಿಕಾರವಿಲ್ಲ, ಬಿಡಿಸಲು ಹಿರಿಯರಿಗೂ ಇಲ್ಲ. ಒಪ್ಪಂದವಾದರೆ ಅದರಲ್ಲಿ ತಿಂಗಳ ಮೊತ್ತ, ಶಾಲೆಯ ವೆಚ್ಚ, ಔಷಧೋಪಚಾರ, ಕಾಲಕಾಲಕ್ಕೆ ಹೆಚ್ಚಳ ಎಲ್ಲವೂ ಬರೆದಿರಲಿ. ನ್ಯಾಯಾಲಯದಲ್ಲಿಯೋ ಲೋಕ ಅದಾಲತ್ತಿನಲ್ಲಿಯೋ ಅದು ದಾಖಲಾಗಲಿ. ಆಗ ಅದಕ್ಕೆ ಬಲ ಬರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಗಳಿಗೆ 18 ತುಂಬಿತು, ಇನ್ನು ನನ್ನ ಹೊಣೆ ತೀರಿತೆಂದು ಪಿಯುಸಿಯ ಮಧ್ಯದಲ್ಲಿ ಕೈಬಿಡುವ ತಂದೆಗಳಿದ್ದಾರೆ. ತನ್ನನ್ನು ತಾನು ಸಾಕಿಕೊಳ್ಳಲಾರದ ಅವಿವಾಹಿತ ಮಗಳನ್ನು ಸಾಕುವ ಹೊಣೆ 1956ರ ಕಾಯಿದೆಯ ಮೇರೆಗೆ ಆ ಬಳಿಕವೂ ಉಳಿಯುತ್ತದೆಂದು 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಹಾಗಾದರೆ ವಿಚಾರಣೆಯ ದಿನ ಆಚರಿಸಬೇಕಾದ ಕ್ರಮವೇನು? ನೋಟೀಸನ್ನು ತಪ್ಪಿಸಿಕೊಂಡು ತಿರುಗದೆ, ಗೊತ್ತಾದ ತಾರೀಕಿಗೆ ಸಮಯಕ್ಕೆ ಮುಂಚೆ ಹಾಜರಾಗಬೇಕು. ಬೇಕೆಂದೇ ಗೈರುಹಾಜರಾದವನ ಬೆನ್ನ ಹಿಂದೆ ಏಕಪಕ್ಷೀಯ ಆದೇಶವಾದರೆ ಅದಕ್ಕೆ ಅವನೇ ಹೊಣೆ. ಮಗುವಿನ ಜನ್ಮ ದಾಖಲೆ, ಶುಲ್ಕದ ರಸೀದಿ, ಆಸ್ಪತ್ರೆಯ ಚೀಟಿ, ಉತಾರ, ಸಂಬಳದ ಚೀಟಿ, ಬ್ಯಾಂಕಿನ ಪಾಸುಬುಕ್ಕು ಇವೆಲ್ಲ ಕೈಯಲ್ಲಿರಲಿ. ಟ್ರ್ಯಾಕ್ಸಿನ ತುಂಬ ಜನರನ್ನು ತುಂಬಿಕೊಂಡು ಹೋಗುವುದು ಬೇಡ. ಅದು ಮದುವೆಯ ದಿಬ್ಬಣವೂ ಅಲ್ಲ, ಕುಸ್ತಿಯ ಕಣವೂ ಅಲ್ಲ. ನ್ಯಾಯಾಧೀಶರು ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕು. ಎದುರಿನವರತ್ತ ತಿರುಗಿ ಬಯ್ಯಬಾರದು. ಹೊರಗಿನ ಪಡಸಾಲೆಯಲ್ಲಿ, ಚಹದಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ ನಡೆಯುವ ಬೈಗುಳಗಳೂ ಆ ದಿನದ ನಡತೆಯ ಭಾಗವೇ. ನ್ಯಾಯಾಲಯ ಕರೆಸದ ಹೊರತು ಮಗುವನ್ನು ಅಲ್ಲಿಗೆ ಒಯ್ಯಬಾರದು. "ಅಪ್ಪ ಹೊಡೆಯುತ್ತಾನೆ ಎನ್ನು, ಅವ್ವ ಊಟ ಹಾಕುವುದಿಲ್ಲ ಎನ್ನು" ಎಂದು ಎಳೆಯ ಬಾಯಿಗೆ ಸುಳ್ಳು ತುರುಕುವುದು ಆ ಮಗುವಿಗೆ ಜೀವಮಾನದಲ್ಲಿ ಕೊಡುವ ಮೊದಲ ವಿಷಪ್ರಸಾದ. ಆದೇಶವಾದ ಮೇಲೆ ತಿಂಗಳ ಹಣವನ್ನು ತಿಂಗಳಿಗೆ ತಪ್ಪದೆ ಕಟ್ಟಬೇಕು. ಕಟ್ಟದವನಿಗೆ ವಾರಂಟು ಹೊರಡುತ್ತದೆ. ತಿಂಗಳೊಂದರ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಸೆರೆವಾಸ ಅನುಭವಿಸಿದರೆ ಬಾಕಿ ತೀರಿತೆಂದು ಭಾವಿಸುವವರುಂಟು. ಜೈಲಿಗೆ ಹೋದ ಮಾತ್ರಕ್ಕೆ ಸಾಲ ಮನ್ನಾ ಆಗದೆಂದು 1988ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ.

ವಕೀಲರ ಫೀಗೆ ಅಂಜಿ ಮನೆಯಲ್ಲಿಯೇ ಕಣ್ಣೀರಿಡುವ ತಾಯಂದಿರೂ ತಿಳಿದಿರಲಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಗಂಡನಿರುವ ಊರಿಗೆ ಅಲೆಯಬೇಕಾಗಿಯೂ ಇಲ್ಲ. ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ಅರ್ಜಿ ಕೊಡಬಹುದು.

ಕೊನೆಯದಾಗಿ ಮಠಗಳಿಗೂ ಮಠದಲ್ಲಿ ಓದಿದವರಿಗೂ ನಮ್ಮ ನಿವೇದನೆ. ಸವದತ್ತಿ ಸೀಮೆಯ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನು ಪರರ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಅಂಥವರ ಔದಾರ್ಯದಿಂದ, ಹಳ್ಳಿಹಳ್ಳಿಯ ಭಕ್ತರು ಕೊಟ್ಟ ಜೋಳದ ಚೀಲಗಳಿಂದ ನಡೆದ ಪ್ರಸಾದನಿಲಯಗಳಲ್ಲಿ ಉಂಡು ನಿಮ್ಮಲ್ಲಿ ಅನೇಕರು ಪದವೀಧರರಾದಿರಿ. ಅಪರಿಚಿತರ ಅನ್ನದಿಂದ ಬೆಳೆದವನು ತನ್ನ ರಕ್ತದ ಕೂಸಿಗೆ ಅನ್ನ ನಿರಾಕರಿಸಿದರೆ ಆ ಪ್ರಸಾದಕ್ಕೆ ಅವಮಾನ ಮಾಡಿದಂತಾಗಲಿಲ್ಲವೇ? ಮಠಗಳೂ ಇನ್ನು ಮೇಲೆ ದೇಣಿಗೆ ಸ್ವೀಕರಿಸುವಾಗ ಒಂದು ಪ್ರಶ್ನೆಯನ್ನು ಕೇಳುವ ಧೈರ್ಯ ತೋರಲಿ: "ತಮ್ಮ, ಮಗುವಿನ ಬಾಕಿ ತೀರಿಸಿದೆಯಾ?" ತೀರಿಸದವನ ಹಣದಿಂದ ಗೋಪುರ ಏರಿದರೆ ಆ ಗೋಪುರದಲ್ಲಿ ಒಂದು ಮಗುವಿನ ಹಾಲು, ಪಾಟಿ, ಪುಸ್ತಕಗಳು ಹೂತುಹೋಗಿರುತ್ತವೆ. ಅಂಥ ಹಣವನ್ನು ಹಿಂದಿರುಗಿಸಿ, ಮೊದಲು ಅದನ್ನು ಮಗುವಿನ ಹೆಸರಿನಲ್ಲಿ ಕಟ್ಟಿ ರಸೀದಿ ತೆಗೆದುಕೊಂಡು ಬಾ ಎಂದು ಹೇಳತಕ್ಕದ್ದು. ಶಿಲಾಫಲಕದ ಮೇಲೆ ಹೆಸರು ಕೆತ್ತಿಸಲು ಆ ರಸೀದಿಗಿಂತ ದೊಡ್ಡ ಅರ್ಹತಾಪತ್ರ ಬೇರೆ ಬೇಕಿಲ್ಲ.